ಫೋಟೋ ಚೆನ್ನಾಗಿ ಬಂದಿದೆ, ಆದರೆ...

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಸಂತೆಬೀದಿಯಲ್ಲಿ ಒಂದು ರಾತ್ರಿ ಬೆಂಕಿ ಹತ್ತಿಕೊಂಡಿತು. ವಿದ್ಯುತ್ ತಂತಿಯ ಕಿಡಿಯಿಂದ ಶುರುವಾದದ್ದು ಬೆಳಗಾಗುವುದರೊಳಗೆ ಏಳೆಂಟು ಅಂಗಡಿಗಳನ್ನು ಸುಟ್ಟುಹಾಕಿತ್ತು. ಅವುಗಳಲ್ಲಿ ಒಂದು, ನಾವು ಚಿಕ್ಕಂದಿನಿಂದಲೂ ಚಾಚಾ ಎಂದೇ ಕರೆಯುತ್ತಿದ್ದ ಹಿರಿಯರೊಬ್ಬರ ಹಣ್ಣಿನ ಅಂಗಡಿ. ಫಜ್ರ್ ನಮಾಜು ಮುಗಿಸಿ ನಾವು ಅಲ್ಲಿಗೆ ಹೋದಾಗ ಪತ್ರಿಕೆಯೊಂದರ ಛಾಯಾಗ್ರಾಹಕ ಯುವಕನೂ ಬಂದಿದ್ದ. ಎಳೆಬಿಸಿಲು ಹೊಗೆಯ ನಡುವೆ ಓರೆಯಾಗಿ ಇಳಿಯುತ್ತಿತ್ತು. ಆತ ಚಾಚಾರನ್ನು ಸುಟ್ಟು ಕಪ್ಪಾದ ಎರಡು ಕಂಬಗಳ ನಡುವೆ ನಿಲ್ಲಿಸಿದ. ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿದ. ಸಮಾಧಾನವಾಗಲಿಲ್ಲ. ಬಲಗಡೆ ಖಾಲಿ ಕಾಣುತ್ತಿದೆ ಎಂದ. ಸ್ವಲ್ಪ ದೂರದಲ್ಲಿ ಬೂದಿಯೊಳಗೆ ಸೊಟ್ಟಗಾದ ತಕ್ಕಡಿಯೊಂದು ಬಿದ್ದಿತ್ತು. ಅದನ್ನು ಎತ್ತಿ ತಂದು ಬಲಗಡೆಯ ಕಂಬದ ಮೊಳೆಗೆ ತೂಗುಹಾಕಿದವರು ಬೇರೆ ಯಾರೂ ಅಲ್ಲ, ನಾವೇ.

ಫೋಟೋ ಬಹಳ ಚೆನ್ನಾಗಿ ಬಂತು. ಒಂದು ಕಡೆಗೆ ವಾಲಿದ ತಕ್ಕಡಿ, ಅದೇ ಕಡೆಗೆ ವಾಲಿದ ಮುದುಕನ ಹೆಗಲು, ನಡುವೆ ಹೊಗೆಯನ್ನು ಸೀಳಿದ ಬಿಸಿಲು. ನೋಡಿದವರ ಮನಸ್ಸು ಕರಗಿತು. ಪರವೂರುಗಳಿಂದಲೂ ಹಣ ಬಂತು. ನಾಲ್ಕೈದು ತಿಂಗಳಲ್ಲಿ ಅಂಗಡಿ ಮತ್ತೆ ಎದ್ದು ನಿಂತಿತು. ಆ ಚಿತ್ರಕ್ಕೆ ಎಲ್ಲಿಯೋ ಒಂದು ಬಹುಮಾನವೂ ಬಂತೆಂದು ಕೇಳಿ ನಾವು ಆ ಸುದ್ದಿಯನ್ನು ಚಾಚಾರಿಗೆ ಮುಟ್ಟಿಸಲು ಹೋದೆವು. ಅವರು ಮೋಸಂಬಿ ತೂಗುತ್ತಲೇ ಹೇಳಿದರು: "ಫೋಟೋ ಚೆನ್ನಾಗಿ ಬಂದಿದೆ ಬೇಟಾ. ಅದರಲ್ಲಿ ನಾನು ಮಾತ್ರ ಬಂದಿಲ್ಲ."

ನಾವು ನಕ್ಕೆವು. ಅವರು ನಗಲಿಲ್ಲ. "ಅವತ್ತು ನಾನು ಒಬ್ಬನೇ ಇದ್ದೆನಾ? ಹೂವಿನ ಅಕ್ಕ ಚಹಾ ತಂದಿದ್ದಳು. ನಮ್ಮ ಹುಡುಗ ಎದುರಿಗೇ ರಸ್ತೆ ಮೇಲೆ ಗೋಣಿ ಹಾಸಿ ಒಂದು ಬುಟ್ಟಿ ಮೋಸಂಬಿ ಮಾರೋಕೆ ಶುರು ಮಾಡಿಬಿಟ್ಟಿದ್ದ. ನೀನೂ ಅಲ್ಲೇ ಇದ್ದೆಯಲ್ಲ?"

ಇದ್ದೆವು, ನಿಜ. ಆದರೆ ಚಿತ್ರದಲ್ಲಿ ನಾವ್ಯಾರೂ ಇರಲಿಲ್ಲ. ಚಿತ್ರದಲ್ಲಿದ್ದದ್ದು ಎಲ್ಲವನ್ನೂ ಕಳೆದುಕೊಂಡು ಒಂಟಿಯಾಗಿ ನಿಂತ ಮುದುಕ. ಆ ಒಂಟಿತನ ಸುಳ್ಳೇ? ಹಾಗೆ ಹೇಳಲಾಗದು, ಅಂಗಡಿ ಸುಟ್ಟದ್ದು ನಿಜ. ಹಾಗಾದರೆ ಪೂರ್ಣ ಸತ್ಯವೇ? ಅದೂ ಅಲ್ಲ. ಚಾಚಾರ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಇನ್ನೊಬ್ಬರ ನೋವನ್ನು ಅಂದವಾಗಿ ಜೋಡಿಸುವ ಹಕ್ಕು ನಮಗಿದೆಯೇ? ಇದ್ದರೆ ಅದರ ಮಿತಿ ಎಲ್ಲಿಯವರೆಗೆ? ಇದು ಛಾಯಾಗ್ರಾಹಕರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಕಥೆ ಬರೆಯುವ ನಮ್ಮಂಥವರಿಗೂ, ಇಂದು ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡೇ ಓಡಾಡುವ ಪ್ರತಿಯೊಬ್ಬರಿಗೂ ಸೇರಿದ್ದು.

ಫೋಟೋ ತೆಗೆಯುವುದೆಂದರೆ ಇದ್ದದ್ದನ್ನು ಇದ್ದಂತೆ ಹಿಡಿಯುವುದು ಎಂದು ಬಹಳ ಜನ ನಂಬಿದ್ದಾರೆ. ಚಿತ್ರಕಾರ ಕುಂಚದಿಂದ ಕಲ್ಪಿಸುತ್ತಾನೆ, ಕ್ಯಾಮೆರಾ ಮಾತ್ರ ಸುಳ್ಳು ಹೇಳದು ಎಂಬ ಮಾತು ಸಾಮಾನ್ಯವಾಗಿದೆ. ಆದರೆ ಈ ಕಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದವರಿಗೆ ಗೊತ್ತು, ಗುಂಡಿ ಒತ್ತುವ ಮೊದಲೇ ಹತ್ತಾರು ತೀರ್ಮಾನಗಳು ಆಗಿಹೋಗಿರುತ್ತವೆ. ಚೌಕಟ್ಟಿನ ಒಳಗೆ ಏನಿರಬೇಕು, ಏನನ್ನು ಹೊರಗಿಡಬೇಕು? ಕ್ಯಾಮೆರಾ ಕೆಳಗಿನಿಂದ ನೋಡಬೇಕೋ ಮೇಲಿನಿಂದಲೋ? ಕೆಳಗಿನಿಂದ ನೋಡಿದರೆ ಮನುಷ್ಯ ದೊಡ್ಡವನಾಗುತ್ತಾನೆ, ಮೇಲಿನಿಂದ ನೋಡಿದರೆ ಕುಗ್ಗುತ್ತಾನೆ. ಉದ್ದದ ಲೆನ್ಸ್ ದೂರದವನನ್ನು ಹತ್ತಿರಕ್ಕೆ ಎಳೆದು ಅವನ ಸುತ್ತಲಿನದನ್ನು ಮಸುಕಾಗಿಸುತ್ತದೆ. ಅಗಲದ ಲೆನ್ಸ್ ಅವನನ್ನು ಅವನ ಬೀದಿಯ ಸಮೇತ ತೋರಿಸುತ್ತದೆ. ಅಡ್ಡರೇಖೆ ನೆಮ್ಮದಿಯ ಭಾವ ಕೊಡುತ್ತದೆ, ಓರೆರೇಖೆ ತಳಮಳ ಹುಟ್ಟಿಸುತ್ತದೆ. ಬದಿಯಿಂದ ಬೀಳುವ ಬೆಳಕು ಮುಖದ ಒಂದೊಂದು ಸುಕ್ಕನ್ನೂ ಎತ್ತಿ ತೋರಿಸಿದರೆ, ಮೋಡ ಕವಿದ ದಿನದ ಬೆಳಕು ಅದೇ ಸುಕ್ಕುಗಳನ್ನು ಸವರಿ ಮೃದುವಾಗಿಸುತ್ತದೆ. ಮನುಷ್ಯ ಒಬ್ಬನೇ, ಆದರೆ ಈ ತೀರ್ಮಾನಗಳು ಬದಲಾದಂತೆ ಅವನು ಬೇರೆ ಬೇರೆಯಾಗಿ ಕಾಣುತ್ತಾನೆ.

ಈ ಜೋಡಣೆಗೆ ಸೂತ್ರಗಳೂ ಇವೆ. ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ಪಾಲು ಮಾಡಿ, ಮುಖ್ಯವಾದುದನ್ನು ಆ ಗೆರೆಗಳ ಮೇಲೆ ಇಡಬೇಕೆಂಬ ಸೂತ್ರ ಎಲ್ಲರಿಗೂ ಪರಿಚಿತ. ಮೂರನೇ ಒಂದು ಪಾಲಿನ ನಿಯಮ ಎಂಬ ಹೆಸರನ್ನು 1797ರಷ್ಟು ಹಿಂದೆಯೇ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರ ತನ್ನ ಪುಸ್ತಕವೊಂದರಲ್ಲಿ ಬಳಸಿದ್ದ. ಆಗಿನ್ನೂ ಕ್ಯಾಮೆರಾ ಚಿತ್ರ ಹುಟ್ಟಿರಲಿಲ್ಲ. ಇಂದು ಮೊಬೈಲ್ ಫೋನಿನ ಪರದೆಯ ಮೇಲೆ ಅದೇ ಗೆರೆಗಳನ್ನು ಮೂಡಿಸಿಕೊಳ್ಳಬಹುದು. ನಮ್ಮ ಮನೆಯ ಹುಡುಗರು ಯಾವ ಶಾಲೆಗೂ ಹೋಗದೆ ಸಂಯೋಜನೆಯನ್ನು ಕಲಿತುಬಿಟ್ಟಿದ್ದಾರೆ. ಆದರೆ ಆ ಒಂಬತ್ತು ಮನೆಗಳಲ್ಲಿ ಒಬ್ಬ ಮನುಷ್ಯನನ್ನು ಎಲ್ಲಿ ಕೂರಿಸಬೇಕೆಂದು ಹೇಳುವ ಸೂತ್ರ, ಅವನಿಗೆ ನಾವೇನು ಬಾಕಿ ಇದ್ದೇವೆ ಎಂಬುದನ್ನು ಹೇಳುವುದಿಲ್ಲ.

ಉರ್ದುವಿನಲ್ಲಿ ಓದಿದ ನಮಗೆ ಇಲ್ಲಿ ಒಂದು ಪದ ನೆನಪಾಗುತ್ತದೆ: ಸೂರತ್. ಅದಕ್ಕೆ ಮುಖ ಎಂಬ ಅರ್ಥವೂ ಇದೆ, ರೂಪ ಅಥವಾ ಆಕಾರ ಎಂಬ ಅರ್ಥವೂ ಇದೆ. ತಸ್ವೀರ್ ಎಂಬ ಪದ ಹುಟ್ಟಿದ್ದು ಅದೇ ಅರಬಿ ಧಾತುವಿನಿಂದ. ಅಲ್ಲಾಹನ ನಾಮಗಳಲ್ಲೊಂದಾದ ಮುಸವ್ವಿರ್, ಅಂದರೆ ರೂಪ ಕೊಡುವವನು, ಎಂಬುದರ ಮೂಲವೂ ಅದೇ. ತಸ್ವೀರಿನ ವಿಷಯದಲ್ಲಿ ನಮ್ಮ ಹಿರಿಯರಲ್ಲಿದ್ದ ಅಳುಕನ್ನು ನಾವು ಹಳೆಯ ಕಾಲದ ಮಾತೆಂದು ತಳ್ಳಿಹಾಕುತ್ತಿದ್ದೆವು. ಆ ಧಾರ್ಮಿಕ ಚರ್ಚೆಯನ್ನು ಉಲಮಾಗಳಿಗೆ ಬಿಡೋಣ. ಆದರೆ ಇನ್ನೊಬ್ಬರ ಮುಖಕ್ಕೆ ರೂಪ ಕೊಡಹೊರಡುವುದು ಸಣ್ಣ ಕೆಲಸವಲ್ಲ ಎಂಬ ಎಚ್ಚರ ಆ ಅಳುಕಿನಲ್ಲಿ ಇತ್ತೆಂದು ಈಗ ಅನಿಸುತ್ತದೆ. ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಕೆಲವು ಅತಿ ಪ್ರಸಿದ್ಧ ಚಿತ್ರಗಳೇ ಸಾಕ್ಷಿ.

1936ರ ಮಾರ್ಚ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಿಪೋಮೊ ಎಂಬಲ್ಲಿ ಬಟಾಣಿ ಬೆಳೆ ಹಿಮಕ್ಕೆ ಸಿಕ್ಕಿ ಹಾಳಾಗಿತ್ತು. ಕೊಯ್ಲಿಗೆ ಬಂದ ವಲಸೆ ಕೂಲಿಗಳು ಕೆಲಸವಿಲ್ಲದೆ ಗುಡಾರಗಳಲ್ಲಿ ಬಿದ್ದಿದ್ದರು. ಸರ್ಕಾರಿ ಇಲಾಖೆಯೊಂದಕ್ಕಾಗಿ ಚಿತ್ರ ತೆಗೆಯುತ್ತಿದ್ದ ಡೊರೊಥಿಯಾ ಲ್ಯಾಂಗ್ ಎಂಬ ಮಹಿಳೆ ಆ ದಾರಿಯಲ್ಲಿ ಹೋಗುತ್ತಿದ್ದರು. ಶಿಬಿರ ದಾಟಿ ಇಪ್ಪತ್ತು ಮೈಲಿ ಮುಂದೆ ಹೋದ ಮೇಲೆ ಮನಸ್ಸು ತಡೆಯದೆ ಕಾರು ತಿರುಗಿಸಿಕೊಂಡು ಬಂದರು. ಒಬ್ಬ ತಾಯಿಯ ಮುಂದೆ ನಿಂತು ಒಂದಾದ ಮೇಲೊಂದು ಚಿತ್ರ ತೆಗೆಯುತ್ತಾ ಹತ್ತಿರ ಹತ್ತಿರಕ್ಕೆ ಹೋದರು. ದೂರದ ಚಿತ್ರದಲ್ಲಿ ಗುಡಾರವಿದೆ, ಸಾಮಾನುಗಳಿವೆ, ಹರೆಯದ ಮಗಳಿದ್ದಾಳೆ. ಕ್ಯಾಮೆರಾ ಮುಂದೆ ಸರಿದಂತೆ ಅವೆಲ್ಲ ಹೊರಗುಳಿದವು. ಕೊನೆಗೆ ಉಳಿದದ್ದು ತಾಯಿಯ ಮುಖ, ಕೆನ್ನೆಗೆ ಆನಿಸಿದ ಕೈ, ಮಡಿಲಲ್ಲಿ ಮಗು, ಎರಡೂ ಹೆಗಲಿಗೆ ಮುಖ ಮರೆಸಿ ಆತುಕೊಂಡ ಇಬ್ಬರು ಮಕ್ಕಳು. ತ್ರಿಕೋನದಂತೆ ಕುಳಿತ ಈ ಜೋಡಣೆ ಕ್ರೈಸ್ತ ಚಿತ್ರಕಲೆಯ ಮೇರಿ ಮಾತೆಯನ್ನು ನೆನಪಿಸುತ್ತದೆ. ಗುಡಾರದ ಕಂಬ ಹಿಡಿದ ಒಂದು ಹೆಬ್ಬೆರಳು ಮೂಲೆಯಲ್ಲಿ ಕಾಣುತ್ತಿತ್ತು. ಅದು ಕಣ್ಣಿಗೆ ಅಡ್ಡಬರುತ್ತದೆಂದು ಆಮೇಲೆ ಅದನ್ನೂ ಅಳಿಸಲಾಯಿತು.

'ವಲಸಿಗ ತಾಯಿ' ಎಂದು ಹೆಸರಾದ ಆ ಚಿತ್ರ ಕೆಲಸ ಮಾಡಿತು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಆ ಶಿಬಿರಕ್ಕೆ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಂದಿಗೆ ಮುಂದಿನ ಊರಿಗೆ ಹೊರಟುಹೋಗಿದ್ದಳು. ಆಕೆಯ ಹೆಸರನ್ನು ತಾವು ಕೇಳಲೇ ಇಲ್ಲವೆಂದು ಲ್ಯಾಂಗ್ ಅವರೇ 1960ರಲ್ಲಿ ಬರೆದರು. ಹೆಸರು ಜಗತ್ತಿಗೆ ತಿಳಿದದ್ದು 1978ರಲ್ಲಿ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಅಮೆರಿಕದ ಮೂಲನಿವಾಸಿ ಚೆರೋಕಿ ಜನಾಂಗದಲ್ಲಿ ಹುಟ್ಟಿದಾಕೆ. ಅಂದರೆ ನಾಲ್ಕು ದಶಕಗಳ ಕಾಲ ದೇಶದ ಬಡತನದ ಮುಖವಾಗಿದ್ದ ಆ ಮುಖಕ್ಕೆ ತನ್ನದೇ ಹೆಸರು ಇರಲಿಲ್ಲ. ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಸಿಗಲಿಲ್ಲ ಎಂದು ಆಕೆ ಹೇಳಿಕೊಂಡರು. 1983ರಲ್ಲಿ ಆಕೆ ಕಾಯಿಲೆ ಬಿದ್ದಾಗ ಅದೇ ಚಿತ್ರವನ್ನು ನೆನೆದು ಜನ ಹಣ ಕಳಿಸಿದರು. ಆ ಪತ್ರಗಳನ್ನು ಓದಿದ ಮಕ್ಕಳಿಗೆ ಚಿತ್ರದ ಬಗ್ಗೆ ಇದ್ದ ಕಹಿ ಎಷ್ಟೋ ಕಡಿಮೆಯಾಯಿತು. ಒಂದೇ ಚಿತ್ರ ಉಪಕಾರವನ್ನೂ ಮಾಡಿತು, ಅನ್ಯಾಯವನ್ನೂ ಮಾಡಿತು. ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳದೆ ದಾರಿಯಿಲ್ಲ.

ಸಂಯೋಜನೆ ಪರಿಪೂರ್ಣವಾದಷ್ಟೂ ಪ್ರಶ್ನೆ ಕೇಳುವ ನಮ್ಮ ಬುದ್ಧಿ ಮಂಕಾಗುತ್ತದೆ. ಫ್ರಾನ್ಸಿನ ಹೆನ್ರಿ ಕಾರ್ತಿಯೆ-ಬ್ರೆಸನ್ 1948ರಲ್ಲಿ ಶ್ರೀನಗರದ ಹರಿ ಪರ್ಬತ್ ಗುಡ್ಡದ ಮೇಲೆ ತೆಗೆದ ಒಂದು ಚಿತ್ರವಿದೆ. ಕೆಲವು ಮುಸ್ಲಿಂ ಹೆಂಗಸರು ನಮಗೆ ಬೆನ್ನು ಮಾಡಿ ಗುಡ್ಡದ ಅಂಚಿನಲ್ಲಿದ್ದಾರೆ. ಮುಂದೆ ಕಣಿವೆ, ಅದರಾಚೆ ಬೆಟ್ಟಗಳು, ಮೋಡಗಳು. ಒಬ್ಬಾಕೆ ಎರಡೂ ಅಂಗೈ ಮೇಲಕ್ಕೆತ್ತಿ ತೋಳು ಚಾಚಿದ್ದಾಳೆ. ದೂರದ ಮೋಡವನ್ನೇ ಆಕೆ ಎತ್ತಿ ಹಿಡಿದಂತೆ ಕಾಣುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದಿಕೊಂಡ ಆ ಕ್ಷಣವನ್ನು ಹಿಡಿಯುವುದೇ ಅವರ ಕಲೆಯಾಗಿತ್ತು. 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರಿನ ಅರ್ಥವೇ 'ನಿರ್ಣಾಯಕ ಕ್ಷಣ'. ಅಷ್ಟು ಸುಂದರವಾದ ಈ ಚಿತ್ರದ ಕೆಳಗೆ ಪುಸ್ತಕಗಳಲ್ಲೂ ಪ್ರದರ್ಶನಗಳಲ್ಲೂ ಕಾಣುವ ವಿವರಣೆ ಏನೆಂದರೆ, ಹಿಮಾಲಯದ ಹಿಂದೆ ಉದಯಿಸುವ ಸೂರ್ಯನ ಕಡೆಗೆ ಮುಸ್ಲಿಂ ಮಹಿಳೆಯರು ಪ್ರಾರ್ಥಿಸುತ್ತಿದ್ದಾರೆ ಎಂದು!

ಶ್ರೀನಗರದಿಂದ ಕಿಬ್ಲಾ ಇರುವುದು ಪಶ್ಚಿಮದ ಕಡೆಗೆ, ಸೂರ್ಯ ಹುಟ್ಟುವುದು ಪೂರ್ವದಲ್ಲಿ. ಇನ್ನು ದುಆಕ್ಕೆ ಕೈಯೆತ್ತಲು ಯಾವ ದಿಕ್ಕಾದರೂ ಆದೀತು. ಅವರು ಬೇಡುತ್ತಿದ್ದದ್ದು ಸೂರ್ಯನನ್ನಂತೂ ಅಲ್ಲ ಎಂದು ನಮ್ಮ ಮನೆಯ ಮದರಸಾಕ್ಕೆ ಹೋಗುವ ಮಗು ಕೂಡ ಹೇಳಿಬಿಡುತ್ತದೆ. ಚಿತ್ರ ಅಷ್ಟೊಂದು ಹೊಂದಿಕೊಂಡಿರುವುದರಿಂದಲೇ ಸೂರ್ಯ, ಬೆಟ್ಟ, ಚಾಚಿದ ಕೈ ಇವುಗಳ ನಡುವೆ ಒಂದು ಸಂಬಂಧ ತಾನಾಗಿ ಮೂಡಿಬಿಟ್ಟಿತು. ಗೆರೆಗಳು ಕೂಡಿದ ಕಡೆ ಅರ್ಥವೂ ಕೂಡಿತೆಂದು ನೋಡುಗರು ನಂಬಿದರು. ಆದರೂ ಈ ಚಿತ್ರದ ಒಂದು ಗುಣವನ್ನು ನಾವು ಮೆಚ್ಚುತ್ತೇವೆ. ಅವರು ಹಿಂದೆ ನಿಂತು ತೆಗೆದರು. ಆ ಹೆಂಗಸರು ಏನನ್ನು ಬೇಡಿದರೆಂಬುದು ಅವರ ಮತ್ತು ಅಲ್ಲಾಹನ ನಡುವೆಯೇ ಉಳಿಯಿತು.

ಬೆನ್ನು ಮಾಡಿ ನಿಲ್ಲುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. 2002ರ ಮಾರ್ಚ್ 1ರಂದು ಅಹಮದಾಬಾದಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಅರ್ಕೋ ದತ್ತ ತೆಗೆದ ಚಿತ್ರವನ್ನು ನೋಡದವರು ವಿರಳ. ಕೈಮುಗಿದ ಯುವಕ, ಕಣ್ಣಲ್ಲಿ ತುಂಬಿದ ನೀರು, ಭಯದಿಂದ ಬಿಚ್ಚಿದ ತುಟಿ. ಆತ ಕುತುಬುದ್ದೀನ್ ಅನ್ಸಾರಿ, ದರ್ಜಿ. ಚೌಕಟ್ಟಿನಲ್ಲಿ ಆತನ ಹೊರತು ಹೆಚ್ಚೇನೂ ಇಲ್ಲ. ಉದ್ದದ ಲೆನ್ಸ್ ಆತನನ್ನು ಎಲ್ಲದರಿಂದ ಬಿಡಿಸಿ ನಮ್ಮ ಎದುರಿಗೆ ತಂದು ನಿಲ್ಲಿಸಿದೆ. ಹೊರಗುಳಿದದ್ದೇನು? ಆ ಕಟ್ಟಡವನ್ನು ಸುತ್ತುವರಿದಿದ್ದ ಗುಂಪು, ಬೀದಿಯಲ್ಲಿದ್ದ ಭದ್ರತಾ ಪಡೆಯವರ ವಾಹನ. ಆತ ಕೈಮುಗಿದದ್ದು ತನ್ನನ್ನು ಉಳಿಸಬಲ್ಲ ಆ ಪಡೆಯವರಿಗೆ. ಚಿತ್ರದಲ್ಲಿ ಅವರು ಇಲ್ಲವಾದ್ದರಿಂದ ಆತ ಕೈಮುಗಿಯುತ್ತಿರುವುದು ನಮಗೆ ಎಂದು ಕಾಣುತ್ತದೆ. ರಕ್ಷಿಸುವುದು ಯಾರ ಕರ್ತವ್ಯವಾಗಿತ್ತೋ ಅವರು ಚೌಕಟ್ಟಿನಿಂದ ಆಚೆ ಸರಿದರು, ಯಾಚನೆ ಮಾತ್ರ ಉಳಿಯಿತು. ಒಬ್ಬ ನಾಗರಿಕ ತನ್ನ ಹಕ್ಕನ್ನು ಕೇಳಿದ್ದು ದಯೆಯ ಬೇಡಿಕೆಯಾಗಿ ಜಗತ್ತನ್ನು ಸುತ್ತಿತು.

ಆ ಚಿತ್ರದಿಂದ ಗುಜರಾತಿನ ದಾರುಣವನ್ನು ಜಗತ್ತು ಕಂಡಿತು, ಅದರ ಋಣ ದೊಡ್ಡದು. ಆದರೆ ಅನ್ಸಾರಿ ಮುಂದೆ ಎಲ್ಲಿ ಹೋದರೂ ಚಿತ್ರ ಅವರಿಗಿಂತ ಮೊದಲೇ ಅಲ್ಲಿರುತ್ತಿತ್ತು. ಮಾಲೆಗಾಂವ್‌ಗೆ ಹೋದರು, ಪತ್ರಿಕೆಯ ಚಿತ್ರದಿಂದ ಗುರುತು ಸಿಕ್ಕಿ ಅಲ್ಲಿನ ಕೆಲಸ ಹೋಯಿತು. 2003ರಲ್ಲಿ ಕೋಲ್ಕತ್ತಾಕ್ಕೆ ಹೋದರು. ಕೊನೆಗೆ ಅಹಮದಾಬಾದಿಗೇ ಮರಳಿ ಹೊಲಿಗೆ ಯಂತ್ರದ ಮುಂದೆ ಕುಳಿತರು. ತಮ್ಮ ಮುಖವನ್ನು ರಾಜಕೀಯ ಪ್ರಚಾರಕ್ಕೆ ಬಳಸಬೇಡಿ, ತಮ್ಮನ್ನು ತಮ್ಮ ಪಾಡಿಗೆ ಬಿಡಿ ಎಂದು ಅವರು ಮತ್ತೆ ಮತ್ತೆ ಕೇಳಿಕೊಂಡರು. ಚಿತ್ರದಲ್ಲಿ ಕೈಮುಗಿದದ್ದು ಒಂದು ಕ್ಷಣ. ಆ ಕೈಯನ್ನು ಬಿಚ್ಚಲು ಅವರಿಗೆ ವರ್ಷಗಳೇ ಬೇಕಾದವು.

ಅದೇ ದಿನಗಳ ಇನ್ನೊಂದು ಚಿತ್ರವನ್ನು ಸೆಬಾಸ್ಟಿಯನ್ ಡಿ'ಸೋಜಾ ತೆಗೆದರು. ಹಣೆಗೆ ಕೇಸರಿ ಪಟ್ಟಿ ಕಟ್ಟಿದ ಗಡ್ಡದ ಯುವಕ, ಕೈಯಲ್ಲಿ ಕಬ್ಬಿಣದ ಸರಳು, ಅಗಲಕ್ಕೆ ಚಾಚಿದ ತೋಳುಗಳು, ಹಿಂದೆ ಬೆಂಕಿ ಮತ್ತು ಹೊಗೆ. ಒಂದು ಚಿತ್ರದಲ್ಲಿ ಕೈಗಳು ಒಳಕ್ಕೆ ಮುದುಡಿವೆ, ಇನ್ನೊಂದರಲ್ಲಿ ಹೊರಕ್ಕೆ ಚಾಚಿವೆ. ಒಂದು ಬಲಿಪಶುವಿನ ಮುಖ, ಇನ್ನೊಂದು ಹಿಂಸೆಯ ಮುಖ ಎಂದು ಜಗತ್ತು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿತು. ಆ ಎರಡನೆಯಾತ ಅಶೋಕ್ ಪರ್ಮಾರ್, ಫುಟ್‌ಪಾತಿನ ಮೇಲೆ ಚಪ್ಪಲಿ ಹೊಲಿಯುತ್ತಿದ್ದ ಬಡ ಮೋಚಿ. ಆ ದಿನದ ಹೊಣೆಯನ್ನು ಯಾರು ಎಷ್ಟು ಹೊರಬೇಕೆಂಬುದನ್ನು ಒಂದು ಚಿತ್ರದ ಸಂಯೋಜನೆ ತೀರ್ಮಾನಿಸಲಾಗದು, ಮನ್ನಿಸಲೂ ಆಗದು. ಆದರೆ ಮುಂದೆ ನಡೆದದ್ದು ಯಾವ ಚೌಕಟ್ಟಿಗೂ ನಿಲುಕದ ಸಂಗತಿ. 2014ರಲ್ಲಿ ಕೇರಳದ ಒಂದು ವೇದಿಕೆಯ ಮೇಲೆ ಇಬ್ಬರೂ ಒಟ್ಟಿಗೆ ಕಾಣಿಸಿಕೊಂಡರು. 2019ರಲ್ಲಿ ಅಶೋಕ್ ಅಹಮದಾಬಾದಿನಲ್ಲಿ ಚಪ್ಪಲಿ ಅಂಗಡಿ ತೆರೆದಾಗ ಅದನ್ನು ಉದ್ಘಾಟಿಸಿದವರು ಕುತುಬುದ್ದೀನ್ ಅನ್ಸಾರಿ. ಅಂಗಡಿಯ ಹೆಸರು 'ಏಕತಾ ಚಪ್ಪಲ್ ಘರ್'. ಗುಜರಾತ್ ಎಂದೊಡನೆ ಇಂದಿಗೂ ನಮ್ಮ ಕಣ್ಣಮುಂದೆ ಬರುವುದು 2002ರ ಆ ಎರಡು ಚಿತ್ರಗಳೇ ಹೊರತು, ಚಪ್ಪಲಿ ಅಂಗಡಿಯ ಮುಂದೆ ಒಟ್ಟಿಗೆ ನಿಂತ ಅದೇ ಇಬ್ಬರು ನಡುವಯಸ್ಕರಲ್ಲ.

ಹಾಗಾದರೆ ನೋವಿನ ಮುಂದೆ ಸಂಯೋಜನೆಯೇ ಪಾಪವೇ? ನೋವನ್ನು ವಕ್ರವಾಗಿ, ಮಬ್ಬಾಗಿ, ಅಂದಗೆಡಿಸಿ ತೋರಿಸಿದರೆ ಅದು ಹೆಚ್ಚು ಪ್ರಾಮಾಣಿಕವಾಗುತ್ತದೆಯೇ? ನಮಗೆ ಹಾಗನಿಸುವುದಿಲ್ಲ. ರೂಪವಿಲ್ಲದ ಚಿತ್ರದ ಮೇಲೆ ಕಣ್ಣು ನಿಲ್ಲುವುದಿಲ್ಲ, ಕಣ್ಣು ನಿಲ್ಲದಿದ್ದರೆ ಮನಸ್ಸೂ ನಿಲ್ಲುವುದಿಲ್ಲ. ಚಾಚಾರ ಅಂಗಡಿ ಮತ್ತೆ ಎದ್ದದ್ದು ಆ ವಾಲಿದ ತಕ್ಕಡಿಯ ಪುಣ್ಯದಿಂದಲೇ. ಕೆಟ್ಟದಾಗಿ ತೆಗೆದ ಚಿತ್ರವೂ ಎಷ್ಟನ್ನೋ ಹೊರಗಿಟ್ಟೇ ಇರುತ್ತದೆ. ಆದ್ದರಿಂದ ತಪ್ಪು ಸೌಂದರ್ಯದಲ್ಲಿಲ್ಲ. ನಮ್ಮ ಜೋಡಣೆಯಲ್ಲಿ ಆ ಮನುಷ್ಯ ಮುಗಿದುಹೋದ ಎಂದುಕೊಳ್ಳುವುದರಲ್ಲಿದೆ. ಇದ್ದದ್ದರಲ್ಲಿ ಆರಿಸುವುದು ಬೇರೆ, ಇಲ್ಲದ್ದನ್ನು ತಂದು ಇಡುವುದು ಬೇರೆ ಎಂಬ ಗೆರೆಯೂ ಇದೆ. ಪತ್ರಿಕಾ ಛಾಯಾಗ್ರಹಣ ಆ ಗೆರೆಯನ್ನು ದಾಟಬಾರದು. ತಕ್ಕಡಿಯನ್ನು ಎತ್ತಿ ತಂದ ಗಳಿಗೆಯಲ್ಲಿ ನಾವು ಅದನ್ನು ದಾಟಿದ್ದೆವು.

ನಮ್ಮ ನಾಡಿನವರೇ ಆದ ಟಿ.ಎಸ್. ಸತ್ಯನ್ ಈ ವಿಷಯದಲ್ಲಿ ನೆನಪಾಗುತ್ತಾರೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ 2009ರಲ್ಲಿ ಅಲ್ಲಿಯೇ ತೀರಿಕೊಂಡ ಅವರು ದೊಡ್ಡವರನ್ನೂ ದೊಡ್ಡ ಘಟನೆಗಳನ್ನೂ ಕಂಡವರು. ಆದರೆ ಅವರ ಕ್ಯಾಮೆರಾ ಪ್ರೀತಿಯಿಂದ ತಂಗಿದ್ದು ಸಾಮಾನ್ಯರ ಮತ್ತು ಮಕ್ಕಳ ದಿನನಿತ್ಯದ ಬದುಕಿನ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಆ ಕಪ್ಪು-ಬಿಳುಪು ಚಿತ್ರಗಳಲ್ಲೂ ಬಡತನ ಕಾಣುತ್ತದೆ, ಬೆಳಕು-ನೆರಳಿನ ಅಚ್ಚುಕಟ್ಟೂ ಇದೆ. ಆದರೆ ಅಲ್ಲಿನ ಮಗು ಬಡತನಕ್ಕೆ ಉದಾಹರಣೆಯಾಗಿ ನಿಂತಿಲ್ಲ. ಅದು ಆಡುತ್ತದೆ, ನಗುತ್ತದೆ, ತನ್ನ ಕೆಲಸದಲ್ಲಿ ತಾನಿರುತ್ತದೆ. ಸೂತ್ರಗಳು ಅದೇ ಇದ್ದರೂ ನೋಡುವವರ ಗೌರವ ಬೇರೆಯಾದಾಗ ಚಿತ್ರ ಬೇರೆಯಾಗುತ್ತದೆ.

ಉರ್ದುವಿನಿಂದ ಕನ್ನಡಕ್ಕೆ ಬಂದ ಒಂದು ಪದ ಈ ಇಡೀ ಪ್ರಶ್ನೆಯನ್ನು ತನ್ನೊಳಗೆ ಇಟ್ಟುಕೊಂಡಿದೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಾಗೆಯೇ ಮರಳಿಸಬೇಕಾದದ್ದು. ನಮ್ಮ ಕನ್ನಡದ ಕಚೇರಿಗಳಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಡೆದು ನಿಲ್ಲಿಸುವುದು. ಛಾಯಾಚಿತ್ರ ಈ ಎರಡನ್ನೂ ಮಾಡುತ್ತದೆ. ಮನುಷ್ಯನನ್ನು ಅವನ ಬದುಕಿನ ಒಂದು ಗಳಿಗೆಯಲ್ಲಿ ತಡೆದು ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಿದ ಮೇಲೆ ಆ ಮುಖ ನಮ್ಮ ಬಳಿ ಇರುವ ಅಮಾನತ್ ಆಗುತ್ತದೆ. ಕೇಳಲು ಸಾಧ್ಯವಿದ್ದಾಗ ಒಪ್ಪಿಗೆ ಕೇಳಬೇಕು. ಹೆಸರು ತಿಳಿದುಕೊಳ್ಳಬೇಕು, ಹೆಸರು ಹೇಳಿದರೆ ಅಪಾಯವಿದ್ದಲ್ಲಿ ಅದನ್ನು ಮುಚ್ಚಿಡಬೇಕು. ಹೊರಗುಳಿದದ್ದನ್ನು ಚಿತ್ರ ಹೇಳಲಾಗದಿದ್ದರೆ ಚಿತ್ರದ ಕೆಳಗಿನ ಎರಡು ಸಾಲಾದರೂ ಹೇಳಬೇಕು. ಸಾಧ್ಯವಾದರೆ ಒಮ್ಮೆ ಮರಳಿ ಹೋಗಿ ಆ ಮನುಷ್ಯ ಈಗ ಹೇಗಿದ್ದಾನೆಂದು ನೋಡಬೇಕು. ನೋಡುಗರಾದ ನಮಗೂ ಒಂದು ಕೆಲಸವಿದೆ. ಅಪಘಾತದ, ಗಲಭೆಯ, ಹಸಿದ ಮಗುವಿನ ಚಿತ್ರ ಫೋನಿಗೆ ಬಂದೊಡನೆ ಇನ್ನೊಬ್ಬರಿಗೆ ದಾಟಿಸುವ ಮುನ್ನ, ಈ ಚೌಕಟ್ಟಿನ ಆಚೆ ಯಾರಿದ್ದರು ಎಂದು ಒಮ್ಮೆ ಕೇಳಿಕೊಳ್ಳುವುದು.

ಕಥೆಗಾರರಾದ ನಾವು ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗದು. ಆ ಬೆಳಿಗ್ಗೆ ನಮ್ಮ ಕೈ ತಕ್ಕಡಿಯನ್ನು ಎತ್ತಿದ್ದು ಛಾಯಾಗ್ರಾಹಕ ಹೇಳಿದ್ದರಿಂದಲ್ಲ, ಬಲಗಡೆ ಖಾಲಿ ಎಂದಷ್ಟೇ ಆತ ಹೇಳಿದ್ದ. ಅಲ್ಲಿ ತಕ್ಕಡಿ ಇದ್ದರೆ ಚೆನ್ನ ಎಂದು ಹೊಳೆದದ್ದು ನಮಗೆ. ನಮ್ಮ ಎಷ್ಟು ಕಥೆಗಳಲ್ಲಿ ಯಾರ್ಯಾರ ಮನೆಯ ತಕ್ಕಡಿಗಳನ್ನು ಹೀಗೆ ತೂಗುಹಾಕಿದ್ದೇವೋ, ಯಾವ ಹೂವಿನ ಅಕ್ಕಂದಿರನ್ನು ಹೊರಗೆ ನಿಲ್ಲಿಸಿದ್ದೇವೋ!

ಚಾಚಾ ಈಗ ಇಲ್ಲ. ಅವರು ತೀರಿಕೊಂಡಾಗ ಪತ್ರಿಕೆಗೆ ಕೊಡಲು ಒಂದು ಫೋಟೋ ಬೇಕಾಯಿತು. ಬಹುಮಾನ ಬಂದ ಆ ಚಿತ್ರವನ್ನೇ ಕೊಡಬಹುದಲ್ಲ ಎಂದು ಯಾರೋ ಅಂದರು. ನಾವು ಸುಮ್ಮನಿದ್ದೆವು. ಮಗ ಒಳಗೆ ಹೋಗಿ ಟ್ರಂಕಿನಲ್ಲಿ ಹುಡುಕಿ, ರೇಷನ್ ಕಾರ್ಡಿನ ನಡುವೆ ಇಟ್ಟಿದ್ದ ಪಾಸ್‌ಪೋರ್ಟ್ ಅಳತೆಯ ಒಂದು ಚಿತ್ರ ತಂದ. ಸ್ಟುಡಿಯೋದ ನೀಲಿ ಪರದೆ, ನೇರಕ್ಕೆ ಬಿದ್ದ ಬೆಳಕು, ನಡುಮಧ್ಯದಲ್ಲಿ ಮುಖ. ಟೋಪಿ ಸ್ವಲ್ಪ ವಾರೆಯಾಗಿತ್ತು. ಗಿರಾಕಿ ಚೌಕಾಸಿ ಮಾಡುವಾಗ ತುಟಿಯಂಚಿಗೆ ಬರುತ್ತಿದ್ದ ಆ ನಗು ಅದರಲ್ಲಿತ್ತು. ಅದನ್ನೇ ಕೊಟ್ಟೆವು.